ಯಜ್ಞೇಶ್ವರ ಕಾಕಾರ ಹೂಂ

ಯಜ್ಞೇಶ್ವರ ಕಾಕಾ ಉಳ್ಳಾಗಡ್ಡಿ ತಿಂದ ಸುದ್ದಿ ಕಾಕಾರಿಗಿಂತ ಮೊದಲು ಧಾರವಾಡ ಮುಟ್ಟಿತು. ಕಾಕಾ ಹುಬ್ಬಳ್ಳಿಯಿಂದ ಸಂಜೆಯ ಪ್ಯಾಸೆಂಜರ್ ಗಾಡಿಗೆ ಬಂದರು. ಸುದ್ದಿ ಅದಕ್ಕೂ ಮುಂಚಿನ ಮೋಟಾರಿನಲ್ಲಿ ಬಂದಿತ್ತು. ಅವರು ಟಾಂಗಾ ಇಳಿಯುವ ಹೊತ್ತಿಗೆ ಓಣಿಯ ಎರಡೂ ಬದಿಯ ಕಟ್ಟೆಗಳ ಮೇಲೆ ಜನ ಕೂತಿದ್ದರು. ಕಾಕಾ ಹಾದುಹೋಗುವಾಗ ಒಬ್ಬೊಬ್ಬರಾಗಿ ಮೂಗರಳಿಸಿ ಉಸಿರು ಒಳಗೆಳೆದುಕೊಂಡರು.

ನಮ್ಮದು ಆಚಾರದ ಮನೆ. ಉಳ್ಳಾಗಡ್ಡಿ ಮಾರುವವಳು ಬಂದರೆ ಅವಳ ಬುಟ್ಟಿಯ ನೆರಳು ಅಂಗಳದಲ್ಲಿ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಅಂಥ ಮನೆಯ ಯಜಮಾನ ಹುಬ್ಬಳ್ಳಿಯ ಥಿಯೇಟರಿನಲ್ಲಿ, ಸಾವಿರ ಜನರೆದುರು, ಗ್ಯಾಸ್‌ಬತ್ತಿಯ ಬೆಳಕಿನಲ್ಲಿ, ಹಸಿ ಉಳ್ಳಾಗಡ್ಡಿಯನ್ನು ಕಚ್ಚಿ ತಿಂದು ‘ಭಾಳ ಸಿಹಿ ಅದ’ ಎಂದು ಹೇಳಿ ಬಂದಿದ್ದರು.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಕಾಕಾರ ಸ್ವಭಾವ ತಿಳಿಯಬೇಕು.

ಕಾಕಾ ಕಚೇರಿಯಲ್ಲಿ ಗುಮಾಸ್ತರು. ಒಳ್ಳೆಯ ಅಕ್ಷರ, ಒಳ್ಳೆಯ ನಡತೆ. ಅವರಿಗೆ ಇದ್ದ ಊನ ಒಂದೇ: ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಕ್ಷೌರದ ಹಣಮಂತ ಒಮ್ಮೆ ಏನೋ ಧ್ಯಾನದಲ್ಲಿ “ಮೀಸಿ ತೆಗೀಲೇನ್ರಿ?” ಎಂದು ಕೇಳಿದ್ದಕ್ಕೆ “ಹೂಂ” ಎಂದು, ಹದಿನೆಂಟನೆಯ ವಯಸ್ಸಿನಿಂದ ಬೆಳೆಸಿದ ಮೀಸೆಯನ್ನು ಕಳೆದುಕೊಂಡಿದ್ದರು. ಇನ್ನೊಮ್ಮೆ ಯಾರೋ ಮನೆ ತಪ್ಪಿ ನಮ್ಮ ಬಾಗಿಲು ಬಡಿದು, “ಬರ್ತೀರಲ್ರಿ?” ಎಂದರು. ಕಾಕಾ ಹೂಂ ಎಂದು ಶಲ್ಯ ಹೊದ್ದು ಹೊರಟರು, ಹೆಗಲೂ ಕೊಟ್ಟರು. ತೀರಿಕೊಂಡವರು ಯಾರು ಎಂದು ಅವರು ಕೇಳಿದ್ದು ಸ್ಮಶಾನ ಮುಟ್ಟಿದ ಮೇಲೆ.

ಇಂಥವೆಲ್ಲ ನಗುವಿಗಾದವು. ಸುಲಭಾಳ ಮದುವೆಯ ಮಾತು ಬಂದಾಗ ನಗುವುದು ನಿಂತಿತು.

ಸುಲಭಾ ಕಾಕಾರ ಒಬ್ಬಳೇ ಮಗಳು. ಆ ವರ್ಷ ಮ್ಯಾಟ್ರಿಕ್ ಪರೀಕ್ಷೆಗೆ ಕೂಡುವವಳಿದ್ದಳು. ಅವಳ ಸೋದರಮಾವ, ಅಂದರೆ ನಮ್ಮ ತಾರಾಬಾಯಿ ಕಾಕುವಿನ ಅಣ್ಣ, ತ್ರ್ಯಂಬಕರಾಯರು. ಮಾಮ್ಲೇದಾರಿಕೆಯಿಂದ ನಿವೃತ್ತರಾಗಿದ್ದರು, ನಿವೃತ್ತಿಯ ಸಂಗತಿಯನ್ನು ಅವರ ಧ್ವನಿಗೆ ಯಾರೂ ತಿಳಿಸಿರಲಿಲ್ಲ. ಅವರು ಒಂದು ಬೆಳಿಗ್ಗೆ ಬಂದು, ಕೋಲನ್ನು ಮೂಲೆಗಿಟ್ಟು, ಬಾಗಲಕೋಟೆಯ ಒಬ್ಬ ವಕೀಲರ ಮಗನನ್ನು ಗೊತ್ತುಮಾಡಿದ್ದೇನೆಂದು ಪ್ರಕಟಿಸಿದರು.

“ಫಾಲ್ಗುಣದಾಗ ಮುಗಿಸಿ ಬಿಡೋಣು. ಏನಂತೀ ಯಜ್ಞೇಶ್ವರ?”

“ಹೂಂ,” ಅಂದರು ಕಾಕಾ.

ಒಳಗಿನಿಂದ ಸುಲಭಾ ಬಂದಳು. “ಮಾಮಾ, ಫಾಲ್ಗುಣದಾಗ ನನ್ನ ಪರೀಕ್ಷಾ ಅದ.”

“ಪರೀಕ್ಷಾ!” ಎಂದು ಮಾಮಾ ಸೂರು ಹಾರುವಂತೆ ನಕ್ಕರು. “ಹೋಳಿಗಿ ಗುಂಡಗ ಬಂದದೋ ಇಲ್ಲೋ ನೋಡ್ಲಿಕ್ಕೆ ವರ್ತುಲದ ಪ್ರಮೇಯ ಬೇಕೇನವಾ? ಒಳಗ ನಡಿ.”

ಅವರು ಹೋದ ಮೇಲೆ ಸುಲಭಾ ಅಪ್ಪನ ಎದುರಿಗೆ ಕೂತಳು. “ಅಪ್ಪಾ, ನೀವು ಒಂದೇ ಒಂದ ಮಾತು ಅನ್ರಿ. ಆಗೂದಿಲ್ಲ ಅನ್ರಿ. ಮಾಮಾ ಏನು ನಿಮ್ಮನ್ನ ತಿಂತಾರೇನು?”

“ಅಂತೇನವಾ. ಖರೇನ ಅಂತೇನಿ,” ಅಂದರು ಕಾಕಾ. “ಎದಿಯೊಳಗ ಆ ಮಾತು ತಯಾರ ಇರ್ತದ. ಗಂಟಲದಾಗ ಬಂದು ಹೂಂ ಆಗಿಬಿಡ್ತದ.”

ಸುಲಭಾ ಅಂದು ರಾತ್ರಿ ಉಣ್ಣಲಿಲ್ಲ. ಕಾಕಾ ಕೂಡ ಉಣ್ಣಲು ಒಲ್ಲೆ ಅನ್ನಬೇಕೆಂದಿದ್ದರು. ಕಾಕು “ಇನ್ನೊಂದ ಭಕ್ರಿ ಹಾಕಲೇನ್ರಿ?” ಅಂದರು. ಹೂಂ ಅಂದು ಉಂಡರು.

ಮನೆಯಲ್ಲಿ ಉಳಿದವರು ಇಬ್ಬರು. ಒಬ್ಬರು ಕಾಕಾರ ಸೋದರತ್ತೆ, ಭೀಮಕ್ಕತ್ತಿ. ಮನೆಯವರಿಗೆಲ್ಲ ಬರೇ ಅತ್ತಿ. ಒಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಈ ಮನೆಗೆ ಬಂದವರು, ಎಪ್ಪತ್ತರ ತನಕ ಕೆಂಪು ಸೀರೆಯಲ್ಲಿ, ಮಡಿಯಲ್ಲಿ, ಒಳಮನೆಯ ಕತ್ತಲಲ್ಲಿ ಇದ್ದವರು. ಕಾಕಾ ಹೂಂ ಅನ್ನುವಂತೆ ಅತ್ತಿ ‘ಆತು’ ಅನ್ನುತ್ತಿದ್ದರು. ಹಪ್ಪಳದ ಹಿಟ್ಟು ಕುಟ್ಟಬೇಕು: ಆತು. ಓಣಿಯ ಎಲ್ಲ ಮನೆಗಳ ದೇವರಿಗೆ ಹೂಬತ್ತಿ ಹೊಸೆಯಬೇಕು: ಆತು. ಇನ್ನೊಬ್ಬಳು ನಾನು, ನಿರುಪಮಾ, ಕಾಕಾರ ಅಣ್ಣನ ಮಗಳು. ಬಿ.ಎ. ಆಗಿದೆ. ಗಂಡ ತೀರಿಕೊಂಡ ಮೇಲೆ ಇಲ್ಲಿ, ಅತ್ತಿಯ ಹಾಗೆ ಒಳಮನೆಯಲ್ಲೇ ಇದ್ದೇನೆ. ನನ್ನ ವಿಷಯ ಇಷ್ಟು ಸಾಕು.

ಕಾಕಾರ ರೋಗಕ್ಕೆ ವೈದ್ಯನನ್ನು ಹುಡುಕಿದವರು ಪಕ್ಕದ ಮನೆಯ ಕುಬೇರಪ್ಪನವರು. ಅರಳೆಯ ವ್ಯಾಪಾರಸ್ಥರು. ತಮಗೆ ತಿಳಿಯದ ಸಂಗತಿಗಳನ್ನು ಇತರರಿಗೆ ತಿಳಿಸುವುದರಲ್ಲಿ ಅವರದು ಎತ್ತಿದ ಕೈ.

“ರಾಯರ, ಹುಬ್ಬಳ್ಳಿಗೆ ಪ್ರೊಫೆಸರ್ ಅಬ್ದುಲಮಜೀದ ಅಂತ ಬಂದಾರ. ಮೆಸ್ಮೆರಿಝಂ ಮಾಡತಾರ. ಕಣ್ಣಾಗ ಕಣ್ಣಿಟ್ಟು ನಿದ್ದಿ ಬರಿಸಿ, ನಿದ್ದಿಯೊಳಗ ಧೈರ್ಯ ತುಂಬತಾರ. ಎದ್ದಿಂದ ಮನಶ್ಯಾ ಬ್ಯಾರೇನ ಆಗಿರ್ತಾನ. ನಡೀರಿ, ಹೋಗೂನು.”

“ಹೂಂ,” ಅಂದರು ಕಾಕಾ.

ಹೀಗೆ ಅವರು ಹುಬ್ಬಳ್ಳಿಗೆ ಹೋದರು. ಅಲ್ಲಿ ನಡೆದದ್ದನ್ನು ಕುಬೇರಪ್ಪನವರು ನಮ್ಮ ಕಟ್ಟೆಯ ಮೇಲೆ ನಿಂತು, ಎರಡೂ ಕೈ ಬೀಸಿ ಹೇಳಿದರು.

“ಏನ್ ಹೇಳ್ಲಿ ತಾರಾಬಾಯಾರ! ಹತ್ತು ಮಂದೀನ್ನ ಸ್ಟೇಜಿಗೆ ಕರದ್ರು. ಒಂಬತ್ತು ಮಂದಿಗೆ ನಿದ್ದೀನ ಬರಲಿಲ್ಲ. ನಮ್ಮ ರಾಯರು? ಪ್ರೊಫೆಸರು ‘ನಿದ್ದಿ ಬಂತಲ್ರಿ?’ ಅಂದ್ರು. ‘ಹೂಂ’ ಅಂದ್ರು. ‘ಕೈ ಕಟಗಿ ಆತಲ್ರಿ?’ ‘ಹೂಂ’. ಕೈ ಹಂಗ ನಿಂತು ಬಿಡ್ತು! ಇಂಥಾ ಆಸಾಮಿ ಇಡೀ ಮುಂಬಯಿ ಇಲಾಖಾದಾಗ ಸಿಕ್ಕಿಲ್ಲ ಅಂದ್ರು ಪ್ರೊಫೆಸರು. ರಾಯರು ಹುಲಿ ಆಗಿದ್ರು, ಹುಲಿ!”

“ಹುಲಿ ಉಳ್ಳಾಗಡ್ಡಿ ತಿಂತದೇನ್ರಿ?” ಅಂದರು ಕಾಕು.

ಒಳಗೆ ಬಂದ ಮೇಲೆ ಕಾಕು ಗಂಡನನ್ನು ಹಿಡಿದು ನಿಲ್ಲಿಸಿದರು. “ಖರೇ ಹೇಳ್ರಿ. ನಿದ್ದಿ ಬಂದಿತ್ತೇನು?”

“ಇಲ್ಲ,” ಎಂದು ಕಾಕಾ ಪಿಸುಗುಟ್ಟಿದರು. “ಆದ್ರ ಅಷ್ಟು ಮಂದಿ ಮುಂದ ಅವರಿಗೆ ಅಪಮಾನ ಆಗಬಾರದಲ್ಲ? ಹೂಂ ಅಂದೆ.”

“ಉಳ್ಳಾಗಡ್ಡಿ?”

“ಇದು ಕಾಶ್ಮೀರದ ಸೇಬು, ಭಾಳ ಸಿಹಿ ಅದ ಅಲ್ರಿ ಅಂತ ಕೇಳಿದ್ರು. ಹೂಂ ಅಂದೆ. ಹೂಂ ಅಂದ ಮ್ಯಾಲೆ ತಿನ್ನದ ಹ್ಯಾಂಗ ಇರಲಿ? ಕಣ್ಣಾಗ ನೀರು ಬಂತು. ಮಂದಿ ಆನಂದಬಾಷ್ಪ ಅಂತ ಚಪ್ಪಾಳಿ ಹೊಡದ್ರು.”

ಮರುದಿನ ಮಠದ ರಮಾಕಾಂತಾಚಾರ್ಯರು ತೀರ್ಪು ಕೊಡಲು ಬಂದರು. ಇಡೀ ಓಣಿಯೇ ಪಡಸಾಲೆಯಲ್ಲಿತ್ತು. ಆಚಾರ್ಯರು ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಎಚ್ಚರದಾಗ ತಿಂದಿದ್ರ ಪಂಚಗವ್ಯ, ಪ್ರಾಯಶ್ಚಿತ್ತ, ಬ್ರಾಹ್ಮಣ ಭೋಜನ. ಮೋಹನದಾಗ ತಿಂದಿದ್ರ ತಿಂದಾಂವ ಇಂವ ಅಲ್ಲ. ತಿಂದದ್ದೂ ಉಳ್ಳಾಗಡ್ಡಿ ಅಲ್ಲ. ದೋಷ ಇಲ್ಲ. ಹೇಳು ಯಜ್ಞಾ, ನೀ ಮೋಹನದಾಗ ಇದ್ದೆಲ್ಲಾ?”

“ಹೂಂ,” ಅಂದರು ಕಾಕಾ.

ಆ ಅಕ್ಷರ ಅವರ ಪರವಾಗಿ ಕೆಲಸ ಮಾಡಿದ್ದು ಅದೇ ಮೊದಲು. ನಮ್ಮ ಓಣಿಯಲ್ಲಿ ಸಂಮೋಹನ ವಿದ್ಯೆಗೆ ಶಾಸ್ತ್ರದ ಒಪ್ಪಿಗೆ ಸಿಕ್ಕದ್ದು ಹೀಗೆ.

ಒಪ್ಪಿಗೆ ಸಿಕ್ಕ ಮೇಲೆ ಕುಬೇರಪ್ಪನವರನ್ನು ತಡೆಯುವವರು ಯಾರು? ಥಿಯೇಟರಿನದು ಬರೇ ತಮಾಷೆ, ಖರೇ ಔಷಧ ಮನೆಯಲ್ಲಿ ಶಾಂತವಾಗಿ ಕೊಡಬೇಕು ಎಂದು ಹೇಳಿ, ಪ್ರೊಫೆಸರರನ್ನೇ ಐತವಾರ ನಮ್ಮ ಮನೆಗೆ ಕರೆತಂದರು.

ಪ್ರೊಫೆಸರ್ ಅಬ್ದುಲಮಜೀದರು ಎತ್ತರದ, ತೆಳ್ಳನ್ನ ಮನುಷ್ಯರು. ಕರೀ ಕೋಟಿನ ಮೇಲೆ ಸಾಲಾಗಿ ಬಿಲ್ಲೆಗಳು, ತಲೆಗೆ ಗೊಂಡೆಯ ಕೆಂಪು ಟೋಪಿ. ಆದರೆ ನೆನಪಿನಲ್ಲಿ ಉಳಿದದ್ದು ಅವರ ಧ್ವನಿ. ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ, ಆದರೂ ಅದು ಗೋಡೆ ದಾಟಿ ಬರುತ್ತಿತ್ತು. ಸಂಗೀತಗಾರರು ಓಣಿಗೊಬ್ಬರಿದ್ದ ಊರಿನಲ್ಲಿ ಬೆಳೆದವಳು ನಾನು. ಅಂಥ ಖರ್ಜ, ಅಷ್ಟು ತಗ್ಗಿನ ತುಂಬು ಸ್ವರ, ಕೇಳಿರಲಿಲ್ಲ.

ಗಂಡಸರು ಪಡಸಾಲೆಯಲ್ಲಿ ಕೂತರು. ಹೆಂಗಸರು ಎಂದಿನಂತೆ ಒಳಬಾಗಿಲ ಹಿಂದೆ. ಕಾಕು ಅಕ್ಕಿಯ ಮೊರ ಹಿಡಿದಿದ್ದರು, ಸುಲಭಾ ಭೂಮಿತಿಯ ಪುಸ್ತಕ. ಅತ್ತಿ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು. ನಾನು ಸಂದಿನಿಂದ ನೋಡುತ್ತಿದ್ದೆ.

“ಸಾಹೇಬ್ರ, ಕಣ್ಣು ಮುಚ್ಚಿಕೊಳ್ರಿ,” ಅಂದಿತು ಆ ಧ್ವನಿ. “ಕಾಲು ಭಾರ ಆದವು. ಕೈ ಭಾರ ಆದವು. ರೆಪ್ಪಿ ಭಾರ ಆದವು. ಈಗ ನಾನು ಹೇಳೂದು ನಿಮ್ಮ ದಿಲ್‌ನೊಳಗ ಇಳೀತದ. ನೀವು ಯಾರಿಗೂ ಕಡಿಮಿ ಅಲ್ಲ. ನಿಮಗೂ ಒಂದು ಮನಸ್ಸದ. ಆ ಮನಸ್ಸು ಯಾವುದಕ್ಕ ಒಲ್ಲೆ ಅಂತದೋ, ಅದಕ್ಕ ನಿಮ್ಮ ನಾಲಿಗಿ ಆಗೂದಿಲ್ಲ ಅನ್ನಬಹುದು. ಅಂದ್ರ ಆಕಾಶ ಕಳಚಿ ಬೀಳೂದಿಲ್ಲ. ಮಂದಿ ಎರಡು ಗಳಿಗಿ ನೋಡ್ತಾರ, ತಮ್ಮ ಕೆಲಸಕ್ಕ ಹೋಗ್ತಾರ. ಆಗೂದಿಲ್ಲ ಅನ್ನಬಹುದು. ತಿಳೀತಲ್ಲ?”

“ಹೂಂ,” ಅಂದರು ಕಾಕಾ.

ನಾನು ತಿರುಗಿ ನೋಡಿದೆ. ಅತ್ತಿಯ ಕೈ ನಿಂತಿತ್ತು. ಅರ್ಧ ಹೊಸೆದ ಬತ್ತಿ ಅಂಗೈಯಲ್ಲೇ ಇತ್ತು. ಕಣ್ಣು ಮುಚ್ಚಿದ್ದವು.

ಮರುದಿನ ಬೆಳಿಗ್ಗೆ ಕಾಕಾರ ಪರೀಕ್ಷೆ. ಮತ್ತೆ ಚಿಗುರುತ್ತಿದ್ದ ಮೀಸೆಯ ಮುಂದೆ ಕತ್ತಿ ಹಿಡಿದು, ಓಣಿಯವರು ಹೇಳಿಕೊಟ್ಟಂತೆ, ಹಣಮಂತ ಕೇಳಿದ: “ಮೀಸಿ ತೆಗೀಲೇನ್ರಿ ರಾಯರ?”

ಕಿಟಕಿಯಲ್ಲಿ ಕುಬೇರಪ್ಪನವರು, ಬಾಗಿಲಲ್ಲಿ ಕಾಕು, ಅಟ್ಟದ ಮೆಟ್ಟಿಲ ಮೇಲೆ ಸುಲಭಾ.

“ಹೂಂ,” ಅಂದರು ಕಾಕಾ.

ಸುಲಭಾ ಪುಸ್ತಕವನ್ನು ಮುಚ್ಚಿ ಮೇಲೆ ಹೋದಳು. ಕಾಕು ಹಣೆ ಬಡಿದುಕೊಂಡು ಅಡಿಗೆಮನೆಗೆ ಬಂದರು. “ಇನ್ನ ಮದಿವಿ ತಪ್ಪಿದ್ದಲ್ಲ ಬಿಡು,” ಎಂದು ತಮ್ಮಷ್ಟಕ್ಕೆ ಅಂದು, “ಅತ್ತಿ, ಇವತ್ತ ಉದ್ದಿನಹಿಟ್ಟು ಕುಟ್ಟಿ ಇಡ್ರಿ, ಮದಿವಿ ಹಪ್ಪಳಕ್ಕ,” ಅಂದರು.

“ಆಗೂದಿಲ್ಲ,” ಅಂದರು ಅತ್ತಿ.

ಕಾಕು ಸೌಟು ಹಿಡಿದು ನಿಂತೇ ಇದ್ದರು. ಹಾಲು ಉಕ್ಕಿ ಒಲೆ ಆರಿತು.

“ಏನಂದ್ರಿ ಅತ್ತಿ?”

“ಆಗೂದಿಲ್ಲ ಅಂದೆ. ತೋಳು ನೋಯ್ತಾವ,” ಅಂದರು ಅತ್ತಿ. ಸೆರಗು ಸರಿಪಡಿಸಿಕೊಂಡು, ಅಡಿಗೆಮನೆ ದಾಟಿ, ನಡುಮನೆ ದಾಟಿ, ಒಳಬಾಗಿಲ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತು, ಪಡಸಾಲೆಗೆ ಹೋಗಿ, ಗಂಡಸರು ಕೂಡುವ ತೂಗುಮಂಚದ ಮೇಲೆ ಕೂತರು. ಕಾಲಿನಿಂದ ನೆಲ ಒತ್ತಿ ಮೆಲ್ಲಗೆ ತೂಗಿಕೊಂಡರು.

ಏನಾಗಿದೆ ಎಂಬುದನ್ನು ಮೊದಲು ಕಂಡುಹಿಡಿದವರು ಕುಬೇರಪ್ಪನವರೇ. “ಔಷಧ ರಾಯರಿಗೆ ಕೊಟ್ರು, ನಾಟಿದ್ದು ಅತ್ತ್ಯಾರಿಗೆ! ಬಾಗಲಾ ತೆರದಿತ್ತು ನೋಡ್ರಿ, ಅದ ತಪ್ಪಾತು.”

ಊರಿನ ಹೆಂಗಸರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. ಕುಬೇರಪ್ಪನವರ ಹೆಂಡತಿ ರತ್ನವ್ವ ಎಲ್ಲರಿಗಿಂತ ಮುಂಚೆ ಬಂದರು.

“ಅತ್ತ್ಯಾರ, ನಮ್ಮ ಮಾಳಗಿ ಮ್ಯಾಲೆ ಸಂಡಗಿ ಒಣಾಹಾಕೇನ್ರಿ. ಒಂದೀಟ ಕಾಗಿ ಬರದಂಗ ಕಾಯ್ತೀರೇನ್ರಿ?”

“ಆಗೂದಿಲ್ಲ.”

ರತ್ನವ್ವನವರು ಬಾಯಿಗೆ ಸೆರಗು ಹಿಡಿದು, ಕಣ್ಣರಳಿಸಿ, “ಯವ್ವಾ, ಎಷ್ಟ ಸರಳ ಅಂದ್ರು!” ಎಂದು ಮತ್ತೆ ಕೇಳಿದರು. “ಹ್ವಾದ ವರ್ಷ ಕಾಯ್ದಿದ್ರೆಲ್ರಿ?”

“ಹೋದ ವರ್ಷ ಕೇಳಿದಿ, ಕಾಯ್ದೆ. ಈ ವರ್ಷ ಆಗೂದಿಲ್ಲ.”

ಬಂದವರು ನಗಲೆಂದೇ ಬಂದಿದ್ದರು. ಆದರೆ ಹೋಗುವಾಗ ಯಾಕೋ ಮೆಲ್ಲಗೆ ಹೋಗುತ್ತಿದ್ದರು. ಕೆಲಗೇರಿಯಿಂದ ಮೊಸರು ತರುತ್ತಿದ್ದ ಮುರಿಗೆವ್ವ ಬುಟ್ಟಿ ಇಳಿಸಿ, ಅತ್ತಿಯ ಬಾಯನ್ನೇ ನೋಡುತ್ತ ಕೂತುಬಿಟ್ಟಳು. “ಹೊಟ್ಟಿಯಿಂದ ಅಂತೀರೋ, ಗಂಟಲದಿಂದ ಅಂತೀರೋ ಎವ್ವಾ?” ಎಂದು ಕೇಳಿದಳು. ಅತ್ತಿ ವಿಚಾರ ಮಾಡಿ, “ಗಂಟಲದಿಂದ ಅಂದ್ರ ನಡಗತದ. ಹೊಟ್ಟಿಯಿಂದ ಅನ್ನಬೇಕು,” ಅಂದರು.

ರಮಾಕಾಂತಾಚಾರ್ಯರ ಮನೆಯಿಂದ ಹೂಬತ್ತಿಗೆ ಹೇಳಿಕಳಿಸಿದರು. ಆಗೂದಿಲ್ಲ. ಆಚಾರ್ಯರೇ ಕೋಪದಿಂದ ಬಂದರು. ತೂಗುಮಂಚದ ಎದುರಿಗೆ ನಿಂತು ಬಾಯಿ ತೆರೆದರು. ಉಳ್ಳಾಗಡ್ಡಿಯ ತೀರ್ಪು ನೆನಪಾಗಿ ಬಾಯಿ ಮುಚ್ಚಿದರು. ಮೋಹನದಲ್ಲಿ ತಿಂದದ್ದಕ್ಕೆ ದೋಷವಿಲ್ಲದಿದ್ದರೆ ಮೋಹನದಲ್ಲಿ ಆಡಿದ್ದಕ್ಕೆ ಎಲ್ಲಿಂದ ಬರಬೇಕು? ಮನೆಗೆ ಹೋಗಿ ತಾವೇ ಬತ್ತಿ ಹೊಸೆದರಂತೆ, ಅವು ನಿಲ್ಲಲಿಲ್ಲವಂತೆ.

ಆ ವಾರದ ಕೊನೆಗೆ ಕುಬೇರಪ್ಪನವರು ಬಿಳಿಚಿಕೊಂಡು ಬಂದರು. “ರಾಯರ, ಇದು ಹಬ್ಬಾಕತ್ತೈತಿ. ಹತ್ತು ಮಂದಿ ಅಡತಿ ಅಂಗಡಿಯವರನ್ನ ಊಟಕ್ಕ ಕರಕೊಂಡ ಬರತೀನಿ ಅಂದೆ. ನಮ್ಮಾಕಿ ನನ್ನ ಮಾರಿ ನೋಡಿ... ಬ್ಯಾಡ್ರಿ, ಆ ಮಾತು ನನ್ನ ಬಾಯಿಲೆ ಹೇಳಿಸಬ್ಯಾಡ್ರಿ.”

ಓಣಿಯ ಗಂಡಸರೆಲ್ಲ ಕೂಡಿ ವಿಚಾರ ಮಾಡಿದರು. ಪ್ರೊಫೆಸರರನ್ನು ಕರೆಸಿ, ಹಾಕಿದ ಮೋಹನವನ್ನು ತೆಗೆಸುವುದೇ ಸರಿ ಎಂದು ಠರಾವಾಯಿತು. ಕಾಕಾರನ್ನು ಕೇಳಿದರು. ಕಾಕಾ ಹೂಂ ಅಂದರು.

ಪ್ರೊಫೆಸರರು ಬರುವ ದಿನವೇ ತ್ರ್ಯಂಬಕರಾಯರೂ ಬಂದರು. ಜೊತೆಗೆ ಬಾಗಲಕೋಟೆಯ ವಕೀಲರು, ಹುಡುಗನ ತಂದೆ. ಮುಹೂರ್ತ ಗೊತ್ತುಮಾಡಿ ಸಕ್ಕರೆ ಹಂಚಲೆಂದು ಬೆಳ್ಳಿಯ ತಟ್ಟೆ ಕೂಡ ತಂದಿದ್ದರು. ಆಚಾರ್ಯರು ಪಂಚಾಂಗ ಹಿಡಿದು ಕೂತರು. ಮಾಮಾ ಒಳಗೆ ಕಾಲಿಟ್ಟವರು ತೂಗುಮಂಚವನ್ನು ನೋಡಿ ನಿಂತರು.

“ಇದೇನು! ಶುಭ ಕಾರ್ಯದ ಹೊತ್ತಿನ್ಯಾಗ ಇವರು ಹೊರಗ್ಯಾಕ?”

“ಅವರಿಗೆ ಮೈಯಾಗ ಸರಿ ಇಲ್ಲ, ಅಣ್ಣಾ,” ಅಂದರು ಕಾಕು, ಬಾಗಿಲ ಹಿಂದಿನಿಂದ.

“ಛಲೋ ಅದೇನಿ,” ಅಂದರು ಅತ್ತಿ.

ಮಾಮಾ ಕೇಳದವರಂತೆ ಜಮಖಾನೆಯ ಮೇಲೆ ಕೂತು, ಗಂಟಲು ಸರಿಪಡಿಸಿಕೊಂಡರು. “ಫಾಲ್ಗುಣ ವದ್ಯ ಪಂಚಮಿ. ವಕೀಲರಿಗೆ ಒಪ್ಪಿಗಿ ಅದ, ನನಗ ಒಪ್ಪಿಗಿ ಅದ. ಯಜ್ಞೇಶ್ವರ?”

ಸುಲಭಾ ನನ್ನ ಪಕ್ಕದಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಪಂಚಮಿಯ ದಿನ ಅವಳ ಗಣಿತದ ಪತ್ರಿಕೆ. ಕಾಕಾ ಅವಳತ್ತ ನೋಡಿದರು, ಮಾಮಾನತ್ತ ನೋಡಿದರು, ಕೋಲಿನತ್ತ ನೋಡಿದರು. ತುಟಿಗಳು ಆ ಅಕ್ಷರಕ್ಕೆ ಗುಂಡಗಾಗತೊಡಗಿದವು.

“ಆಗೂದಿಲ್ಲ.”

ಅಂದದ್ದು ತೂಗುಮಂಚ. “ಅವತ್ತ ಹುಡುಗಿ ಪರೀಕ್ಷಾ ಅದ,” ಎಂದು ಅತ್ತಿ ವಿವರಿಸಿದರು.

ಮಾಮಾನ ಮುಖ ಸಕ್ಕರೆಯ ತಟ್ಟೆಯ ಪಕ್ಕದ ಕುಂಕುಮದ ಬಣ್ಣಕ್ಕೆ ಬಂತು. “ಆಚಾರ್ರ, ಇದನ್ನ ಲೆಕ್ಕಕ್ಕ ಹಿಡೀಬಾರದು! ಓಣಿಯವರು ಹೇಳಿದ್ರು ನನಗ. ಇವರ ಮ್ಯಾಲೆ ಮೆಸ್ಮೆರಿಝಂ ಆಗೇದ. ಅಕಿ ಮಾತು ಅಕೀದಲ್ಲ.”

“ಅಲ್ಲ, ಖರೇ,” ಅಂದರು ಆಚಾರ್ಯರು ಬೆವರು ಒರೆಸಿಕೊಳ್ಳುತ್ತ. “ಆದ್ರ ಮೋಹನದ ಮಾತಿಗೆ ದೋಷ ಇಲ್ಲ ಅಂತ ನಾನ ಹೇಳಿಬಿಟ್ಟೀನಿ. ದೋಷ ಇಲ್ಲದ ಮಾತು ಮುಹೂರ್ತದ ಹೊತ್ತಿನ್ಯಾಗ ಬಂದ್ರ ಅದನ್ನ ಶಕುನ ಅನ್ನಬೇಕೋ ಅಪಶಕುನ ಅನ್ನಬೇಕೋ... ಗ್ರಂಥ ನೋಡಬೇಕಾಗ್ತದ.”

ಅಷ್ಟರಲ್ಲಿ ಹೊರಗೆ ಟಾಂಗಾ ನಿಂತಿತು. ಪ್ರೊಫೆಸರ್ ಅಬ್ದುಲಮಜೀದರು ಬಿಲ್ಲೆಗಳನ್ನು ಝಣ್ ಎನಿಸುತ್ತ ಇಳಿದರು. ಹಿಂದೆ ಓಣಿಯ ಗಂಡಸರು, ಅವರ ಹಿಂದೆ ಹೆಂಗಸರು. ಮಾಮಾ ಎದ್ದು ನಿಂತು, ಕೈದಿಯನ್ನು ತರಿಸಿದ ಮಾಮ್ಲೇದಾರರಂತೆ ಬೆರಳು ತೋರಿಸಿದರು.

“ನೀವೇನು ಹಾಕಿದವರು? ತಗೀರಿ ಈಗಿಂದೀಗ!”

ಪ್ರೊಫೆಸರರು ಅತ್ತಿಯನ್ನು ನೋಡಿದರು. ಅತ್ತಿ ಪ್ರೊಫೆಸರರನ್ನು ನೋಡಿದರು. ಇಬ್ಬರೂ ಒಬ್ಬರನ್ನೊಬ್ಬರು ಅದೇ ಮೊದಲ ಸಲ ನೋಡುತ್ತಿದ್ದರು.

“ಅಮ್ಮಾಜಿ ಮಡಿಯೊಳಗ ಇರ್ತಾರ ಅಂತ ಗೊತ್ತದ, ಮುಟ್ಟೂದಿಲ್ಲ,” ಅಂದರು ಪ್ರೊಫೆಸರರು. “ಮಾತಿನಿಂದನ ತಗೀತೇನಿ. ಆತು ಅನ್ನೂದು ಮೊದಲಿನ್ಹಾಂಗ ಬಾಯಿಗೆ ಬರ್ತದ. ಆದ್ರ ಮನಿ ಯಜಮಾನರ ಪರವಾನಗಿ ಬೇಕು. ಹಾಕೂ ಮುಂದ ಅವರನ್ನ ಕೇಳಿ ಹಾಕೇನಿ. ತಗಿಯೂ ಮುಂದೂ ಅವರ ಮಾತು ಬೇಕು. ಸಾಹೇಬ್ರ, ತಗೀಲೇನ್ರಿ?”

ಎಲ್ಲರೂ ಕಾಕಾರತ್ತ ತಿರುಗಿದರು.

“ಹೂಂ ಅನ್ನು,” ಅಂದರು ಮಾಮಾ.

“ಹೂಂ ಅನ್ರಿ ರಾಯರ,” ಅಂದರು ಕುಬೇರಪ್ಪನವರು.

ಅತ್ತಿ ಕಾಲನ್ನು ನೆಲಕ್ಕೂರಿದ್ದರು. ತೂಗುಮಂಚ ನಿಂತಿತ್ತು. ಒಂದು ಕೈಯಿಂದ ಅದರ ಸರಪಳಿಯನ್ನು ಹಿಡಿದುಕೊಂಡಿದ್ದರು; ಜಾತ್ರೆಯ ಗದ್ದಲದಲ್ಲಿ ಹುಡುಗಿಯರು ಅಮ್ಮನ ಸೆರಗು ಹಿಡಿಯುವಂತೆ.

ಕಾಕಾ ಅದನ್ನೇ ನೋಡುತ್ತಿದ್ದರು. ತುಟಿ ಗುಂಡಗಾದವು. ಮಾಮಾ ಸಮಾಧಾನದಿಂದ ತಲೆಯಾಡಿಸಿದರು. ಸುಲಭಾ ಕಣ್ಣು ಮುಚ್ಚಿಕೊಂಡಳು.

“ಹೂ...” ಎಂದು ಶುರುಮಾಡಿದ ಕಾಕಾ ಅಲ್ಲೇ ನಿಂತರು. ಗಂಟಲ ಗಡ್ಡೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಜನರ ನಡುವಿನಿಂದ ಮುರಿಗೆವ್ವನ ಧ್ವನಿ ಕೇಳಿಸಿತು: “ಹೊಟ್ಟಿಯಿಂದ, ಎಪ್ಪಾ!”

“ಆಗೂದಿಲ್ಲ,” ಅಂದರು ಕಾಕಾ.

“ಏನಂದಿ?”

“ಆಗೂದಿಲ್ಲ ಅಂದೆ, ತ್ರ್ಯಂಬಕರಾಯರ. ತಪ್ಪು ತಿಳ್ಕೋಬ್ಯಾಡ್ರಿ. ಅತ್ತಿ ಹಿಂಗ ಇರ್ಲಿ. ಪಂಚಮಿನೂ ಆಗೂದಿಲ್ಲ. ನನ್ನ ಮಗಳು ಪರೀಕ್ಷಾ ಕೂಡತಾಳ. ಆಮ್ಯಾಲೆ ಅಕೀನ್ನ ಕೇಳಿ ನೋಡೋಣು.” ಹೇಳಿ ಮುಗಿಸಿದ ಕಾಕಾರಿಗೆ ತಾವೇನು ಹೇಳಿದೆವೆಂದು ಆಗ ತಿಳಿದಿರಬೇಕು, ಮುಖದಲ್ಲಿ ಗಾಬರಿ ಮೂಡಿತು. “ಚಹಾ ತಗೋತೀರೇನ್ರಿ ಎಲ್ಲಾರೂ?” ಅಂದರು.

ಆಕಾಶ ಬೀಳಲಿಲ್ಲ. ಜನ ಎರಡು ಗಳಿಗೆ ನೋಡಿದರು.

ಮೊದಲು ಮಾತಾಡಿದವರು ಬಾಗಲಕೋಟೆಯ ವಕೀಲರು. ಅವರು ಅಲ್ಲಿಯವರೆಗೆ ನಾಟಕಕ್ಕೆ ಬಂದವರಂತೆ ಕೂತಿದ್ದರು. “ಏನು ಪರೀಕ್ಷಾ ಅಂದ್ರಿ?”

“ಮ್ಯಾಟ್ರಿಕ್,” ಅಂದಳು ಸುಲಭಾ, ಬಾಗಿಲ ಹಿಂದಿನಿಂದ ಮುಂದೆ ಬಂದು.

“ಪಾಸಾಗ್ತೀ ಏನವಾ?”

“ಆಗ್ತೇನ್ರಿ.”

ವಕೀಲರು ಟೊಪ್ಪಿಗೆ ತೆಗೆದುಕೊಂಡರು. “ತ್ರ್ಯಂಬಕರಾಯರ, ಇದನ್ನ ಮೊದಲ ಹೇಳಬೇಕಾಗಿತ್ತು. ನಮ್ಮ ಹುಡುಗ ಮ್ಯಾಟ್ರಿಕ್‌ನ್ಯಾಗ ಮೂರು ಸಲ ನಪಾಸಾಗ್ಯಾನ. ಪಾಸಾದ ಸೊಸಿ ಮನಿಗೆ ಬಂದ್ರ ಅಂವ ಉಣ್ಣೂದ ಬಿಟ್ಟ ಬಿಡ್ತಾನ.” ಕಾಕಾರಿಗೆ ಕೈಮುಗಿದು, ಅತ್ತಿಗೆ ಇನ್ನೂ ಸ್ವಲ್ಪ ಬಗ್ಗಿ ಕೈಮುಗಿದು ಹೊರಟರು. ಮಾಮಾ ಬೆಳ್ಳಿಯ ತಟ್ಟೆಯನ್ನು ಬಗಲಲ್ಲಿ ಹಿಡಿದು ಅವರ ಹಿಂದೆ ಓಡಿದರು. ಕೋಲು ಇಲ್ಲೇ ಉಳಿಯಿತು. ಅದನ್ನು ಕೇಳಲು ಅವರು ವರ್ಷವಾದರೂ ಬರಲಿಲ್ಲ.

ಚಹಾ ಕುಡಿದವರು ಪ್ರೊಫೆಸರರು ಒಬ್ಬರೇ. ಬಸಿಯಿಂದ ಕುಡಿಯುತ್ತ ಕಾಕಾರನ್ನೇ ನೋಡುತ್ತಿದ್ದರು. “ಸಾಹೇಬ್ರ, ಖರೇ ಹೇಳ್ರಿ. ಈಗ ನಾಟಿತೇನು, ಅವತ್ತಿಂದು?”

“ಹೂಂ,” ಅಂದರು ಕಾಕಾ. ಅವರಿಗೆ ಅಪಮಾನ ಆಗಬಾರದಲ್ಲ.

“ಹಂಗಾರ ಮುಂದಿನ ಐತವಾರ ಮತ್ತ ಸ್ಟೇಜಿಗೆ ಬರ್ತೀರಿ?”

ಕಾಕಾ ಬಹಳ ಹೊತ್ತು ವಿಚಾರ ಮಾಡಿದರು. “ಬರ್ತೇನಿ,” ಅಂದರು. “ಆದ್ರ ಸೇಬು ಅಂದ್ರ ಸೇಬ ಇರಬೇಕು ನೋಡ್ರಿ.”

ಸುಲಭಾ ಪಂಚಮಿಯ ದಿನ ಗಣಿತದ ಪತ್ರಿಕೆ ಬರೆದಳು. ಅತ್ತಿ ತೂಗುಮಂಚ ಬಿಡಲಿಲ್ಲ. ಒಂದು ಮಧ್ಯಾಹ್ನ ತಾವಾಗಿಯೇ ಅರಳೆ ತರಿಸಿಕೊಂಡು ನಮ್ಮ ದೇವರಿಗೆ ಮಾತ್ರ ಹೂಬತ್ತಿ ಹೊಸೆಯುತ್ತ ಕೂತಿದ್ದರು. ನನಗೆ ಅಂದಿನಿಂದ ಒಂದು ಕುತೂಹಲ ಉಳಿದುಕೊಂಡಿತ್ತು. ಹತ್ತಿರ ಹೋಗಿ ಕೂತೆ.

“ಅತ್ತಿ, ಆ ಐತವಾರ ನಿಮಗ ಖರೇನ ನಿದ್ದಿ ಹತ್ತಿತ್ತೇನು?”

“ನನಗೆಲ್ಲೀ ನಿದ್ದಿ?” ಅಂದರು ಅತ್ತಿ. “ಕಣ್ಣು ಮುಚ್ಚಿ ಕೇಳಕೋತ ಕೂತಿದ್ದೆ. ಆಗೂದಿಲ್ಲ ಅನ್ನಬಹುದು, ಅನ್ನಬಹುದು ಅಂತ ಅಂವ ಎರಡೆರಡು ಸಲ ಹೇಳಿದ. ಹಂಗ ಅನ್ನಬಹುದು ಅಂತ ಅಲ್ಲೀತನಕ ನನಗ ಯಾರೂ ಹೇಳಿದ್ದಿಲ್ಲ ನೋಡು.”

ಹೊಸೆದ ಬತ್ತಿಯನ್ನು ಬೆಳಕಿಗೆ ಹಿಡಿದು ನೋಡಿ ತಟ್ಟೆಯಲ್ಲಿಟ್ಟರು. ಆಮೇಲೆ ನನ್ನತ್ತ ತಿರುಗಿದರು.

“ನೀನೂ ಅಲ್ಲೇ ಬಾಗಲದ ಹಿಂದ ಇದ್ದೆಲ್ಲಾ, ನಿರೂ? ನಿನಗ ಕೇಳಿಸಲಿಲ್ಲೇನು?”